ಎಪ್ಪತ್ತೊಂಬತ್ತಕ್ಕೂ ಎಂಬತ್ತಕ್ಕೂ ನಡುವೆ

ಕೆ.ಆರ್. ಪುರದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗಿಯರಿದ್ದಾರೆ ಎಂದುಕೊಳ್ಳೋಣ. ಒಬ್ಬಳ ಮನೆ ಇಂದಿರಾನಗರದಲ್ಲಿ, ಇನ್ನೊಬ್ಬಳದು ಶಿವಾಜಿನಗರದಲ್ಲಿ. ಮೂರು ವಿಷಯ, ಮೂರಕ್ಕೂ ಒಂದೇ ಕ್ರೆಡಿಟ್. ಇಂದಿರಾನಗರದವಳಿಗೆ ಮೂರರಲ್ಲೂ 79 ಬಂತು, ಒಟ್ಟು 237. ಶಿವಾಜಿನಗರದವಳಿಗೆ ಒಂದರಲ್ಲಿ 70, ಉಳಿದೆರಡರಲ್ಲಿ 80, ಒಟ್ಟು 230. ಏಳು ಅಂಕ ಕಡಿಮೆ. ಗ್ರೇಡ್ ಕಾರ್ಡ್ ಕೈಗೆ ಬಂದಾಗ ನೋಡಿದರೆ ಏಳು ಅಂಕ ಹಿಂದಿದ್ದವಳ ಎಸ್‌ಜಿಪಿಎ 8.67, ಮುಂದಿದ್ದವಳದು 8.

ಯಾರೂ ಮೋಸ ಮಾಡಿಲ್ಲ, ಯಾರೂ ಕೂಡುವಾಗ ತಪ್ಪಿಲ್ಲ. ನಿಯಮ ಹೇಳಿದಂತೆಯೇ ಎಲ್ಲವೂ ನಡೆದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ 90 ಮತ್ತು ಅದಕ್ಕಿಂತ ಹೆಚ್ಚು ಬಂದರೆ 'ಒ' ಗ್ರೇಡ್, 10 ಪಾಯಿಂಟ್. 80ರಿಂದ 89ರವರೆಗೆ 'ಎ ಪ್ಲಸ್', 9 ಪಾಯಿಂಟ್. 70ರಿಂದ 79ರವರೆಗೆ 'ಎ', 8 ಪಾಯಿಂಟ್. ಹೀಗೆ ಕೆಳಗಿಳಿಯುತ್ತದೆ. ಇಂದಿರಾನಗರದವಳ ಮೂರು 79ಗಳಿಗೂ ಎಂಟೆಂಟು. ಶಿವಾಜಿನಗರದವಳ 70ಕ್ಕೂ ಅದೇ ಎಂಟು, ಎರಡು 80ಗಳಿಗೆ ಒಂಬತ್ತೊಂಬತ್ತು. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ. ಎಲ್ಲ ಸೆಮಿಸ್ಟರ್‌ಗಳಿಗೂ ಹೀಗೇ ಮಾಡಿದರೆ ಸಿಜಿಪಿಎ. ಲೆಕ್ಕ ಇಷ್ಟು ಸರಳ. ಸರಳವಾಗಲು ಅದು ತೆತ್ತಿರುವ ಬೆಲೆ ಏನೆಂದರೆ, 70ಕ್ಕೂ 79ಕ್ಕೂ ನಡುವಿನ ಒಂಬತ್ತು ಅಂಕಗಳ ಶ್ರಮವನ್ನು ಮರೆತುಬಿಟ್ಟಿದೆ. 79ಕ್ಕೂ 80ಕ್ಕೂ ನಡುವಿನ ಒಂದೇ ಅಂಕವನ್ನು ಇಡೀ ಒಂದು ಮೆಟ್ಟಿಲು ಎಂದು ಎಣಿಸಿದೆ.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕೆಲಸಕ್ಕೋ ಉನ್ನತ ವ್ಯಾಸಂಗಕ್ಕೋ ಅರ್ಜಿ ಹಾಕುವಾಗ ಕೆಲವರು ಸಿಜಿಪಿಎ ಬೇಡ, ಶೇಕಡಾವಾರು ಕೊಡಿ ಎನ್ನುತ್ತಾರೆ. ಅದಕ್ಕೊಂದು ಸೂತ್ರ ಬಹುಕಾಲ ಬಳಕೆಯಲ್ಲಿತ್ತು: ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಕೋಷ್ಟಕ ಇದನ್ನೇ ಹೇಳುತ್ತದೆ, 6.75 ಎಂದರೆ ಶೇ 60, 8.25 ಎಂದರೆ ಶೇ 75. ಈ ಸೂತ್ರವನ್ನು ನಮ್ಮ ಇಬ್ಬರಿಗೂ ಹಾಕಿ ನೋಡಿ. ನಿಜವಾಗಿ ಶೇ 79 ಪಡೆದವಳು ಕಾಗದದ ಮೇಲೆ ಶೇ 72.5 ಆಗುತ್ತಾಳೆ. ನಿಜವಾಗಿ ಶೇ 76.7 ಪಡೆದವಳು ಶೇ 79.2 ಆಗುತ್ತಾಳೆ. ಶೇ 75 ಇದ್ದವರು ಮಾತ್ರ ಅರ್ಜಿ ಹಾಕಿ ಎಂದು ಕಂಪನಿಯೊಂದು ಹೇಳಿದರೆ ಹೆಚ್ಚು ಅಂಕ ತೆಗೆದವಳೇ ಬಾಗಿಲ ಹೊರಗೆ ನಿಲ್ಲುತ್ತಾಳೆ. ಮೆಟ್ಟಿಲು ಕಟ್ಟುವಾಗ ಕಳೆದುಹೋದ ಮಾಹಿತಿಯನ್ನು ಯಾವ ಸೂತ್ರವೂ ಮರಳಿ ತರಲಾರದು. ಈ ಅಧ್ಯಾಯದಲ್ಲಿ ಇನ್ನೇನು ಮರೆತರೂ ಇದೊಂದು ನೆನಪಿರಲಿ ಎಂಬ ಆಸೆ ನನ್ನದು.

ಇನ್ನು ಆ 79 ಎಂಬುದು ಹುಟ್ಟುವುದು ಹೇಗೆ? ಅದು ಎರಡು ಹಳ್ಳಗಳು ಸೇರಿ ಆದ ನದಿ. ಐವತ್ತು ಅಂಕ ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನದ್ದು, ಅಂದರೆ ಟೆಸ್ಟು, ಅಸೈನ್‌ಮೆಂಟು ಇತ್ಯಾದಿ. ಮಕ್ಕಳ ಬಾಯಲ್ಲಿ ಇದಕ್ಕೆ 'ಇಂಟರ್ನಲ್ಸ್'. ಇನ್ನೈವತ್ತು ಸೆಮಿಸ್ಟರ್ ಕೊನೆಯ ಪರೀಕ್ಷೆಯದು. ಆ ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಹಾಗಾಗಿ ಉತ್ತರ ಪತ್ರಿಕೆಯ ಒಂದು ಅಂಕಕ್ಕೆ ಅಂತಿಮ ಮೊತ್ತದಲ್ಲಿ ಅರ್ಧ ಅಂಕದ ಬೆಲೆ. ಇಂಟರ್ನಲ್ಸ್‌ನ ಒಂದು ಅಂಕಕ್ಕೆ ಪೂರ್ತಿ ಒಂದು. ಪಾಸಾಗಲು ಒಳಗಿನ ಐವತ್ತರಲ್ಲಿ 20, ಹೊರಗಿನ ಐವತ್ತರಲ್ಲಿ 18, ಎರಡೂ ಸೇರಿ 40 ಬೇಕು.

ಇಷ್ಟು ಓದಿದವರು ಒಳಗಿನದಕ್ಕೂ ಹೊರಗಿನದಕ್ಕೂ ಸಮಪಾಲು ಎಂದುಕೊಳ್ಳುತ್ತಾರೆ. ಇಲ್ಲೇ ಸಂಖ್ಯಾಶಾಸ್ತ್ರದ ಒಂದು ಸೂಕ್ಷ್ಮವಿದೆ. ಒಂದು ತರಗತಿಯಲ್ಲಿ ಎಲ್ಲರಿಗೂ ಇಂಟರ್ನಲ್ಸ್ 44ರಿಂದ 48ರೊಳಗೆ ಬಂದಿದೆ, ಪರೀಕ್ಷೆಯ ಅಂಕ 15ರಿಂದ 45ರವರೆಗೆ ಹರಡಿದೆ ಎನ್ನಿ. ಆಗ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಬಹುಪಾಲು ಪರೀಕ್ಷೆಯೇ ತೀರ್ಮಾನಿಸುತ್ತದೆ. ಇಂಟರ್ನಲ್ಸ್ ಎಲ್ಲರನ್ನೂ ಒಂದೇ ಎತ್ತರಕ್ಕೆ ಎತ್ತಿ ಕೂರಿಸಿತೇ ಹೊರತು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಲಿಲ್ಲ. ಎರಡು ಅಂಕಗಳನ್ನು ಕೂಡಿದಾಗ ಯಾವುದಕ್ಕೆ ಎಷ್ಟು ತೂಕ ಎಂಬುದು ಗರಿಷ್ಠ ಅಂಕದ ಮೇಲೆ ನಿಂತಿಲ್ಲ, ಅಂಕಗಳ ಹರವಿನ ಮೇಲೆ ನಿಂತಿದೆ. ಈ ಮಾತನ್ನು ಕೈಯಲ್ಲಿ ಹಿಡಿದಿರಿ, ಮುಂದೆ ಬೇಕಾಗುತ್ತದೆ.

ಈಗ ಮೆಟ್ರೊದಲ್ಲಿ ಹಿಂದಕ್ಕೆ ಹೋಗಿ ಹಲಸೂರಿನಲ್ಲಿ ಇಳಿಯೋಣ. ಗ್ರೇಡುಗಳ ವಿಷಯ ಕಲಿಯಲು ನನಗೆ ಹಲಸೂರು ಕೆರೆಯ ಆಸುಪಾಸಿಗಿಂತ ಒಳ್ಳೆಯ ಪಾಠಶಾಲೆ ತೋಚುವುದಿಲ್ಲ. ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡು ಪ್ರದೇಶದಲ್ಲಿ ಆರಂಭಿಸಿದ ಶಾಲೆಯಿಂದ ಬೆಳೆದ ಆರ್‌ಬಿಎಎನ್‌ಎಂ ಸಂಸ್ಥೆಗಳು ಇಲ್ಲಿವೆ. ಮದ್ರಾಸ್ ಸ್ಯಾಪರ್ಸ್ ಸೇನಾ ನೆಲೆಯ ಹೆಸರು ಹೊತ್ತ ಕೇಂದ್ರೀಯ ವಿದ್ಯಾಲಯವಿದೆ. ಹಳೇ ಮದ್ರಾಸ್ ರಸ್ತೆಯ ಆಚೆ, ಕೇಂಬ್ರಿಡ್ಜ್ ರಸ್ತೆಯಲ್ಲಿ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಿದೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೆ ಹತ್ತನೇ ತರಗತಿ ಮುಗಿಸುವ ಮಕ್ಕಳಿಗೆ ಇಲ್ಲಿ ಸಿಗುವುದು ಮೂರು ಬೇರೆ ಬೇರೆ ಭಾಷೆಯ ಅಂಕಪಟ್ಟಿ.

ರಾಜ್ಯದ ಎಸ್ಸೆಸ್ಸೆಲ್ಸಿಯದು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಇಲ್ಲಿ ಅಕ್ಷರ ಬೀಳುವುದು ಒಟ್ಟು ಅಂಕದ ಮೇಲೆ: 563 ಮುಟ್ಟಿದರೆ 'ಎ ಪ್ಲಸ್', 500 ಮುಟ್ಟಿದರೆ 'ಎ', 438ಕ್ಕೆ 'ಬಿ ಪ್ಲಸ್', 375ಕ್ಕೆ 'ಬಿ'. ಗಡಿ ಪರೀಕ್ಷೆಗೆ ಮೊದಲೇ ಗೊತ್ತು. ಪಕ್ಕದ ಬೆಂಚಿನವನು ಹೇಗೆ ಬರೆದ ಎಂಬುದರಿಂದ ನಿಮ್ಮ ಅಕ್ಷರ ಬದಲಾಗುವುದಿಲ್ಲ.

ಕೇಂದ್ರೀಯ ವಿದ್ಯಾಲಯದ ಮಗುವಿನದು ಸಿಬಿಎಸ್‌ಇ. ಅಲ್ಲಿ ಅಕ್ಷರ ಹುಟ್ಟುವ ಬಗೆಯೇ ಬೇರೆ. ಒಂದು ವಿಷಯದಲ್ಲಿ ಪಾಸಾದ ಎಲ್ಲರನ್ನೂ ಅಂಕದ ಕ್ರಮದಲ್ಲಿ ನಿಲ್ಲಿಸುತ್ತಾರೆ. ಮೊದಲ ಎಂಟನೇ ಒಂದು ಭಾಗಕ್ಕೆ 'ಎ 1', ಮುಂದಿನ ಎಂಟನೇ ಒಂದಕ್ಕೆ 'ಎ 2', ಆಮೇಲೆ 'ಬಿ 1'. ಹೀಗೆ ಕೊನೆಯ ಎಂಟನೇ ಒಂದಕ್ಕೆ 'ಡಿ 2'. ನಪಾಸಾದವರಿಗೆ 'ಇ'. ಇಲ್ಲಿ 'ಎ 1' ಗಡಿ ಎಷ್ಟು ಅಂಕ ಎಂದು ಯಾರೂ ಮೊದಲೇ ಹೇಳಲಾರರು. ಪ್ರತಿ ವಿಷಯಕ್ಕೂ, ಪ್ರತಿ ವರ್ಷವೂ ಅದು ಬೇರೆ. ಗಡಿಯಲ್ಲಿ ಹಲವರಿಗೆ ಒಂದೇ ಅಂಕ ಬಂದಿದ್ದರೆ ಆ ಗುಂಪನ್ನು ಒಡೆಯದೆ ಎಲ್ಲರಿಗೂ ಒಂದೇ ಗ್ರೇಡ್ ಕೊಡುತ್ತಾರೆ.

ಫ್ರಾಂಕ್ ಆಂಟನಿಯ ಮಗುವಿನದು ಐಸಿಎಸ್‌ಇ. ಶಾಲೆಗೆ ಹೆಸರು ಕೊಟ್ಟ ಫ್ರಾಂಕ್ ಆಂಟನಿಯವರೇ ಆ ಪರೀಕ್ಷಾ ಮಂಡಳಿಯನ್ನು ಕಟ್ಟಿದವರಲ್ಲಿ ಮುಖ್ಯರು. ಅಲ್ಲಿ ವಿಷಯವಾರು ಗ್ರೇಡು ಅಕ್ಷರವಲ್ಲ, ಅಂಕಿ: 1 ಎಂದರೆ ಅತ್ಯುತ್ತಮ, 9 ಎಂದರೆ ಕೊನೆ. ಕೆ.ಆರ್. ಪುರದ ಕಾಲೇಜಿನಲ್ಲಿ 9 ಪಾಯಿಂಟ್ ಬಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಇಲ್ಲಿ 9 ಎಂದರೆ ಫೇಲು.

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಬೇಸಿಗೆಯಲ್ಲಿ ಮಾವು ವಿಂಗಡಿಸುವುದನ್ನು ನೋಡಿದವರಿಗೆ ಸಿಬಿಎಸ್‌ಇ ವಿಧಾನ ಬೇಗ ಅರ್ಥವಾಗುತ್ತದೆ. ವ್ಯಾಪಾರಿ ಪ್ರತಿ ಹಣ್ಣನ್ನೂ ತಕ್ಕಡಿಗೆ ಹಾಕುವುದಿಲ್ಲ. ಬಂದ ಬುಟ್ಟಿಯನ್ನು ಸುರಿದು, ಇದ್ದುದರಲ್ಲಿ ದಪ್ಪನೆಯವನ್ನು ಒಂದು ಕಡೆ, ಮಧ್ಯಮದವನ್ನು ಒಂದು ಕಡೆ, ಸಣ್ಣವನ್ನು ಒಂದು ಕಡೆ ಇಡುತ್ತಾನೆ. ಇವತ್ತಿನ ಬುಟ್ಟಿಯ ಮಧ್ಯಮ ಹಣ್ಣು ನಾಳೆಯ ಬುಟ್ಟಿಯಲ್ಲಿ ದಪ್ಪದ ರಾಶಿಗೆ ಸೇರಬಹುದು. ಹಣ್ಣು ಬದಲಾಗಿಲ್ಲ, ಅದರ ಜೊತೆಗಾರರು ಬದಲಾಗಿದ್ದಾರೆ. ಇದಕ್ಕೆ ಸಾಪೇಕ್ಷ ಗ್ರೇಡಿಂಗ್ ಎಂದು ಹೆಸರು, ತಕ್ಕಡಿಯದು ನಿರಪೇಕ್ಷ.

ಸಾಪೇಕ್ಷ ವಿಧಾನದ ಪರವಾಗಿ ಬಲವಾದ ವಾದವಿದೆ. ಈ ವರ್ಷದ ಗಣಿತದ ಪ್ರಶ್ನೆಪತ್ರಿಕೆ ತುಂಬ ಕಠಿಣವಾಯಿತು ಎನ್ನಿ. ಎಲ್ಲರ ಅಂಕವೂ ಎಂಟು ಹತ್ತು ಇಳಿಯುತ್ತದೆ. ನಿರಪೇಕ್ಷ ವಿಧಾನದಲ್ಲಿ ಪ್ರಶ್ನೆ ತೆಗೆದವರ ಕೈ ಬಿಗಿಯಾದದ್ದಕ್ಕೆ ಮಕ್ಕಳು ದಂಡ ತೆರುತ್ತಾರೆ. ಸಾಪೇಕ್ಷದಲ್ಲಿ ಸಾಲು ಹಾಗೇ ಇರುತ್ತದೆ, ಅಕ್ಷರವೂ ಹಾಗೇ ಇರುತ್ತದೆ. ಆದರೆ ಅದೇ ನಾಣ್ಯದ ಹಿಂಬದಿಯೂ ಇದೆ. ಎಲ್ಲ ಮಕ್ಕಳೂ ನಿಜಕ್ಕೂ ಚೆನ್ನಾಗಿ ಕಲಿತು ಐದೈದು ಅಂಕ ಮೇಲೇರಿದರೂ ಒಬ್ಬರ ಅಕ್ಷರವೂ ಬದಲಾಗುವುದಿಲ್ಲ. ಇನ್ನೂ ಒಂದು ವಿಚಿತ್ರ: 800 ಮಂದಿ ಬರೆದು ಎಲ್ಲರೂ ಪಾಸಾದರೆ ನೂರು ಮಂದಿಗೆ 'ಎ 1'. ಅವರಲ್ಲಿ 80 ಮಂದಿ ನಪಾಸಾದರೆ ಪಾಸಾದವರು 720, ಅದರ ಎಂಟನೇ ಒಂದು 90. ಸಾಲಿನ ಕೊನೆಯಲ್ಲಿ ಯಾರೋ ಎಂಬತ್ತು ಮಂದಿ ಜಾರಿದ್ದಕ್ಕೆ ಮುಂದುಗಡೆಯ ಹತ್ತು ಮಂದಿ 'ಎ 1' ಕಳೆದುಕೊಳ್ಳುತ್ತಾರೆ, ಅವರ ಒಂದು ಅಂಕವೂ ಕಡಿಮೆಯಾಗದೆ.

ಲಕ್ಷಗಟ್ಟಲೆ ಮಕ್ಕಳು ಬರೆಯುವಲ್ಲಿ ಈ ವಿಧಾನ ನಿಲ್ಲುತ್ತದೆ. ಮೂವತ್ತು ಮಂದಿಯ ತರಗತಿಗೆ ಹಾಕಿದರೆ ಕುಸಿಯುತ್ತದೆ. ಸರಾಸರಿ ಅಂಕ 52, ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) 12 ಎಂದಿಟ್ಟುಕೊಂಡು, ಸರಾಸರಿಯಿಂದ ಒಂದೂವರೆ ವಿಚಲನೆಯಷ್ಟು ಮೇಲಿದ್ದವರಿಗೆ, ಅಂದರೆ 70 ದಾಟಿದವರಿಗೆ, ಮೇಲಿನ ಗ್ರೇಡ್ ಕೊಡುವ ಪದ್ಧತಿ ಕೆಲವು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿದೆ. ಇದರ ಹಿಂದೆ ಗಂಟೆಯಾಕಾರದ ವಕ್ರರೇಖೆಯ ಊಹೆಯಿದೆ. ಮೂವತ್ತೇ ಮಂದಿಯಲ್ಲಿ ಆ ಗಂಟೆ ಕಾಣಿಸುವ ಖಾತರಿಯಿಲ್ಲ. ನಾಲ್ಕು ಪ್ರತಿಭಾವಂತರು ಆ ವರ್ಷ ಆ ವಿಷಯ ಆಯ್ದುಕೊಂಡರೆ ಸಾಕು, ಸರಾಸರಿಯೂ ವಿಚಲನೆಯೂ ಎರಡೂ ಅಲ್ಲಾಡುತ್ತವೆ. ಇನ್ನು ಕೆಲವು ಮೇಷ್ಟ್ರುಗಳು ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆದುಕೊಂಡು ಖಾಲಿ ಜಾಗ ಹುಡುಕುತ್ತಾರೆ. 88, 86, 85, ಆಮೇಲೆ 79, 78, 77 ಎಂದಿದ್ದರೆ 85ಕ್ಕೂ 79ಕ್ಕೂ ನಡುವೆ ಗೆರೆ. ಯಾರೂ ಗೆರೆಯ ಅಂಚಿನಲ್ಲಿ ಇರುವುದಿಲ್ಲವಾದ್ದರಿಂದ ಯಾರೂ ಜಗಳಕ್ಕೆ ಬರುವುದಿಲ್ಲ. ಅಲ್ಲಿ ಖಾಲಿ ಇರುವುದು ಬಹುಪಾಲು ಆಕಸ್ಮಿಕ. ಅದೇ ಮಕ್ಕಳು ಮತ್ತೊಂದು ದಿನ ಬರೆದಿದ್ದರೆ ಖಾಲಿ ಜಾಗ ಬೇರೆಲ್ಲೋ ಇರುತ್ತಿತ್ತು. ಮನಸ್ಸಿಗೆ ಸಮಾಧಾನ ಕೊಡುವ ವಿಧಾನ ಇದು, ಅಳತೆಯ ವಿಧಾನ ಅಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ ಮಾರ್ಗಸೂಚಿ ಹೊರಡಿಸಿದಾಗ ಹತ್ತು ಪಾಯಿಂಟಿನ ಅಳತೆಗೋಲನ್ನು, 'ಒ'ಯಿಂದ 'ಎಫ್'ವರೆಗಿನ ಅಕ್ಷರಗಳನ್ನು ಕೊಟ್ಟಿತು. ನಿರಪೇಕ್ಷವೋ ಸಾಪೇಕ್ಷವೋ ಎಂಬ ಆಯ್ಕೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಅಕ್ಷರ ಒಂದೇ, ಗಡಿ ಬೇರೆ ಬೇರೆ. ಒಂದು ಕಡೆಯ 'ಎ'ಯನ್ನು ಇನ್ನೊಂದು ಕಡೆಯ 'ಎ' ಪಕ್ಕದಲ್ಲಿಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ. ಅಕ್ಷರಕ್ಕೂ ಶೇಕಡಾವಾರಿಗೂ ಗಂಟು ಹಾಕುವ ಅಭ್ಯಾಸ ಹೊಸದೇನಲ್ಲ. ಅಮೆರಿಕದ ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ 1897ರಲ್ಲಿ ಹಾಕಿಕೊಂಡ ಪಟ್ಟಿಯಲ್ಲಿ 95ರಿಂದ ಮೇಲೆ 'ಎ', 85ರಿಂದ 'ಬಿ'. 75ಕ್ಕಿಂತ ಕೆಳಗಿದ್ದರೆ ಫೇಲು. ನಮ್ಮ ಎಸ್ಸೆಸ್ಸೆಲ್ಸಿಯ 'ಬಿ ಪ್ಲಸ್' ಅಲ್ಲಿಗೆ ಹೋದರೆ ಪಾಸಾಗುವುದೂ ಅನುಮಾನ. ಯಾವ ಗಡಿಯೂ ಆಕಾಶದಿಂದ ಇಳಿದದ್ದಲ್ಲ. ಕೋಣೆಯೊಂದರಲ್ಲಿ ಕೂತ ಕೆಲವರು ತೀರ್ಮಾನಿಸಿದ್ದು.

ಗಡಿ ತೀರ್ಮಾನದ ಮಾತಾದರೆ ಅಂಕವಾದರೂ ಅಳತೆಯಲ್ಲವೇ ಎನ್ನಬಹುದು. ಅಳತೆಯೇ. ಆದರೆ ಪ್ರತಿ ಅಳತೆಗೂ ಹೊಯ್ದಾಟವಿದೆ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಬೇರೆ ಬೇರೆ ಪ್ರೌಢಶಾಲೆಗಳಿಗೆ ಕಳಿಸಿ ತಿದ್ದಿಸಿದರು. 142 ಶಿಕ್ಷಕರು ಕೊಟ್ಟ ಅಂಕಗಳು 64ರಿಂದ 98ರವರೆಗೆ ಹರಡಿದವು. ಅದಕ್ಕೂ ಮೊದಲೇ, 1888ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಎಜ್ವರ್ತ್ ಪರೀಕ್ಷೆಯ ಅಂಕಗಳಲ್ಲಿ ಆಕಸ್ಮಿಕದ ಪಾಲೆಷ್ಟು ಎಂದು ಲೆಕ್ಕ ಹಾಕಿ ಪ್ರಬಂಧ ಬರೆದಿದ್ದರು. ಇವತ್ತು ನಮ್ಮಲ್ಲಿ ಮೌಲ್ಯಮಾಪಕರಿಗೆ ಮಾದರಿ ಉತ್ತರ ಕೊಡುತ್ತಾರೆ, ಹಂತ ಹಂತಕ್ಕೆ ಅಂಕ ನಿಗದಿ ಮಾಡುತ್ತಾರೆ. ಅಷ್ಟು ದೊಡ್ಡ ಅಂತರ ಉಳಿದಿಲ್ಲ. ಆದರೂ ತಿದ್ದುವವರ ಕೈಯೊಂದೇ ಕಾರಣವಲ್ಲ. ಓದಿದ್ದೇ ಬಂತೋ ಓದದ್ದೇ ಬಂತೋ, ಹಿಂದಿನ ರಾತ್ರಿ ಜ್ವರವಿತ್ತೋ, ಬಸ್ಸು ತಡವಾಯಿತೋ, ಇವೆಲ್ಲ ಅಂಕದೊಳಗೆ ಸೇರಿಕೊಂಡಿರುತ್ತವೆ.

ಈ ಹೊಯ್ದಾಟವನ್ನು ಅಳೆಯಲು ಸರಳ ಸೂತ್ರವಿದೆ. ಪರೀಕ್ಷೆಯ ವಿಶ್ವಾಸಾರ್ಹತೆಯನ್ನು 0ಯಿಂದ 1ರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಬಹಳ ಚೆನ್ನಾಗಿ ತಯಾರಿಸಿದ ಒಂದು ಪರೀಕ್ಷೆಯದು 0.91 ಎಂದುಕೊಳ್ಳಿ, ಅಂಕಗಳ ಮಾನಕ ವಿಚಲನೆ 12. ಒಂದರಿಂದ 0.91 ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 12ರಿಂದ ಗುಣಿಸಿದರೆ 3.6. ಅಂದರೆ ಇಷ್ಟು ಒಳ್ಳೆಯ ಪರೀಕ್ಷೆಯಲ್ಲೂ ಒಬ್ಬ ವಿದ್ಯಾರ್ಥಿಯ ಅಂಕ ಅವನ ನಿಜವಾದ ಮಟ್ಟದಿಂದ ಮೂರೂವರೆ ಅಂಕದಷ್ಟು ಆಚೀಚೆ ಆಗುವುದು ಸಹಜ. ಈಗ ಪಾಸಿನ ಗಡಿ 35 ಎಂದಿಟ್ಟುಕೊಳ್ಳಿ. ನಿಜವಾದ ಮಟ್ಟ 38 ಇರುವ ಹುಡುಗ, ಪಾಸಾಗಲು ಪೂರ್ಣ ಅರ್ಹ, ಒಂದು ನಿರ್ದಿಷ್ಟ ದಿನ ಫೇಲಾಗುವ ಸಂಭವ ಸುಮಾರು ಐದರಲ್ಲಿ ಒಂದು. ಮಟ್ಟ 36 ಆದರೆ ಹತ್ತರಲ್ಲಿ ನಾಲ್ಕು. ಹಾಗೆಯೇ 32ರ ಮಟ್ಟದವನು ಪಾಸಾಗಿಬಿಡುವ ಸಂಭವವೂ ಐದರಲ್ಲಿ ಒಂದು. 34 ಬಂದ ಮಗುವನ್ನು ದಡ್ಡ ಎಂದು, 36 ಬಂದ ಮಗುವನ್ನು ಬಚಾವಾದ ಎಂದು ಕರೆಯುವ ಮನೆಗಳಲ್ಲಿ ಈ ಲೆಕ್ಕವನ್ನೊಮ್ಮೆ ಗೋಡೆಗೆ ಅಂಟಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ 2023–24ರಿಂದ ಕರ್ನಾಟಕ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ತಂದಿತು; ಮೂರರಲ್ಲಿ ಬಂದ ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದಿತ್ತು. ಮೇಲಿನ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿ. ಮೂರು ಪರೀಕ್ಷೆಗಳ ಅದೃಷ್ಟ ಒಂದಕ್ಕೊಂದು ಸಂಬಂಧವಿಲ್ಲದ್ದು ಎಂದು ಹಿಡಿದರೆ, 38ರ ಮಟ್ಟದವನು ಮೂರರಲ್ಲೂ ಫೇಲಾಗುವ ಸಂಭವ ಐದರಲ್ಲಿ ಒಂದರಿಂದ ಇಳಿದು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಅನ್ಯಾಯವಾಗಿ ಬಿದ್ದವನನ್ನು ಎತ್ತುವ ಕೆಲಸ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಮಾಡದು. ಅದೇ ಹೊತ್ತಿಗೆ 32ರ ಮಟ್ಟದವನು ಮೂರರಲ್ಲಿ ಒಮ್ಮೆಯಾದರೂ ದಾಟುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕೆ ಏರುತ್ತದೆ. ಗಡಿಯನ್ನು ಒಂದಿಂಚೂ ಅಲುಗಿಸದೆ ಗಡಿ ಮೃದುವಾಯಿತು. ಹತ್ತನೇ ತರಗತಿಯಂಥ ಕಡೆ ಈ ವಿನಿಮಯ ಯೋಗ್ಯವಾದದ್ದೇ ಎಂಬುದು ನನ್ನ ನಿಲುವು: ಹದಿನೈದು ವರ್ಷದ ಅರ್ಹ ಮಗುವೊಂದು ಶಾಲೆ ಬಿಡುವ ನಷ್ಟ, ಇನ್ನೂ ಸ್ವಲ್ಪ ಕಲಿಯಬೇಕಿದ್ದ ಮಗುವೊಂದು ಮುಂದಿನ ತರಗತಿಗೆ ಹೋಗುವ ನಷ್ಟಕ್ಕಿಂತ ಬಹಳ ದೊಡ್ಡದು.

ಕೃಪಾಂಕದ ಕತೆ ಬೇರೆ. ಗಡಿಯ ಕೆಳಗೆ ಎರಡು ಮೂರು ಅಂಕದಲ್ಲಿ ನಿಂತವರಿಗೆ ಕೃಪಾಂಕ ಕೊಡುವುದು ವಿಜ್ಞಾನಕ್ಕೆ ವಿರುದ್ಧವಲ್ಲ. ಅಳತೆಯ ಹೊಯ್ದಾಟವನ್ನು ಒಪ್ಪಿಕೊಂಡಂತೆ, ಅಷ್ಟೆ. ಆದರೆ 2024ರಲ್ಲಿ ನಡೆದದ್ದು ಇದಲ್ಲ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ತೀರಾ ಕುಸಿಯುವುದು ಕಂಡು ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರು, ಅದಕ್ಕೆ ಬೇಕಾದ ಕನಿಷ್ಠ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದರು. ಹಾಗೆ ಮಾಡಿದ ಮೇಲೂ ತೇರ್ಗಡೆ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಮೂರು ಅಂಕದ ಹೊಯ್ದಾಟಕ್ಕೆ ಇಪ್ಪತ್ತು ಅಂಕದ ಮದ್ದು! ಉತ್ತರ ಪತ್ರಿಕೆ ತಿದ್ದಿದ ಮೇಲೆ, ಫಲಿತಾಂಶ ನೋಡಿಕೊಂಡು ಗಡಿ ಸರಿಸಿದರೆ ಆ ಗಡಿ ಕಲಿಕೆಯನ್ನು ಅಳೆಯುವುದನ್ನು ಬಿಟ್ಟು ನಮ್ಮ ಗಾಬರಿಯನ್ನು ಅಳೆಯತೊಡಗುತ್ತದೆ. ಮುಂದಿನ ವರ್ಷದಿಂದ ಹೀಗೆ ಕೃಪಾಂಕ ಇಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ್ದು ಸರಿಯಾಗಿತ್ತು.

ಎರಡು ಬುಟ್ಟಿಯ ಮಾವನ್ನು ಒಂದೇ ರಾಶಿಗೆ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಎಂಜಿನಿಯರಿಂಗ್ ಪ್ರವೇಶಕ್ಕೆ ಸಿಇಟಿ ರ‍್ಯಾಂಕ್ ಕೊಡುವಾಗ ಸಿಇಟಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 180 ಅಂಕಗಳಿಗೆ ಅರ್ಧ ಪಾಲು, ಅದೇ ವಿಷಯಗಳ ದ್ವಿತೀಯ ಪಿಯುಸಿ ಅಂಕಗಳಿಗೆ ಅರ್ಧ ಪಾಲು. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕಕ್ಕೆ ಶೇ 10 ತೂಕ ಕೊಟ್ಟು ಅಂಕ ಲೆಕ್ಕ ಹಾಕಿದರು. 2,239 ಮಂದಿಗೆ 600ಕ್ಕೆ 600 ಬಂತು. ಆ ವರ್ಷದ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಪರಿಗಣಿಸಲಿಲ್ಲ; ಎಲ್ಲರಿಗೂ ಒಂದೇ ನಿಯಮವಾದ್ದರಿಂದ ತಕರಾರು ಏಳಲಿಲ್ಲ.

ತಕರಾರು ಎದ್ದದ್ದು ಮರುವರ್ಷ. 2022ರಲ್ಲಿ ಪಿಯುಸಿ ಪರೀಕ್ಷೆ ನಡೆಯಿತು, ಅರ್ಧರ್ಧ ಪಾಲಿನ ನಿಯಮ ಮರಳಿ ಬಂತು. 2021ರಲ್ಲಿ ಪಿಯುಸಿ ಮುಗಿಸಿ ಮತ್ತೊಮ್ಮೆ ಸಿಇಟಿ ಬರೆದ ಸುಮಾರು 24,000 ಮಂದಿ ಇದ್ದರು. ಪರೀಕ್ಷೆಯೇ ಬರೆಯದೆ ಬಂದ ಅಂಕವನ್ನು ಬರೆದು ಬಂದ ಅಂಕದ ಜೊತೆ ಹೇಗೆ ಕೂಡುವುದು ಎಂದು ಪರೀಕ್ಷಾ ಪ್ರಾಧಿಕಾರ ಅವರಿಗೆ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿತು. ಅವರ ರ‍್ಯಾಂಕು ಸಾವಿರಗಟ್ಟಲೆ ಕೆಳಗಿಳಿಯಿತು. ಪಾಲಕರೂ ಮಕ್ಕಳೂ ಮಲ್ಲೇಶ್ವರದ ಕಚೇರಿ ಮುಂದೆ ಕೂತರು, ಹೈಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಪ್ರಾಧಿಕಾರದ ಕ್ರಮವನ್ನು ರದ್ದುಮಾಡಿ, 2021ರ ಪಿಯುಸಿ ಅಂಕವನ್ನೂ ಸೇರಿಸಿ ಎಂದಿತು. ಹಾಗೆ ಸೇರಿಸಿದರೆ 2022ರವರು ನೊಂದುಕೊಳ್ಳುತ್ತಾರೆ.

ಇಲ್ಲಿ ಹರವಿನ ಪಾಠ ನೆನಪಿಸಿಕೊಳ್ಳಿ. 2021ರ ಪಿಯುಸಿ ಅಂಕಗಳು ಮೇಲ್ತುದಿಯಲ್ಲಿ ಗುಂಪಾಗಿ ಕೂತಿದ್ದವು. ಆ ತಂಡದೊಳಗೆ ಅವು ಯಾರನ್ನೂ ಯಾರಿಂದಲೂ ಹೆಚ್ಚು ಬೇರ್ಪಡಿಸಲಾರವು. ಆದರೆ 2022ರ ತಂಡದ ಪಕ್ಕದಲ್ಲಿ ಇಟ್ಟ ಕೂಡಲೇ ಇಡೀ ತಂಡವನ್ನೇ ಒಟ್ಟಿಗೆ ಮೇಲೆತ್ತುತ್ತವೆ. ಹಾಗಾದರೆ ಎಷ್ಟು ಎತ್ತರ ಹೆಚ್ಚಾಗಿದೆಯೋ ಅಷ್ಟನ್ನು ಎಲ್ಲರಿಂದಲೂ ಸಮನಾಗಿ ಇಳಿಸುವುದೇ ದಾರಿ. ಮೇಲ್ಮನವಿಯ ಹಂತದಲ್ಲಿ ಸರ್ಕಾರ ಸಮಿತಿ ರಚಿಸಿತು; ಪುನರಾವರ್ತಿತ ಅಭ್ಯರ್ಥಿಗಳ ಪಿಯುಸಿ ಅಂಕದಿಂದ ವಿಷಯಕ್ಕೆ ನೂರಕ್ಕೆ ಸರಾಸರಿ 6ರಂತೆ ಕಳೆದು ಲೆಕ್ಕ ಹಿಡಿಯುವ ಸೂತ್ರ ಬಂತು. ವಿಭಾಗೀಯ ಪೀಠ ಅದನ್ನು ಒಪ್ಪಿತು, ಅಕ್ಟೋಬರ್ ಮೊದಲಲ್ಲಿ ಹೊಸ ರ‍್ಯಾಂಕ್ ಪಟ್ಟಿ ಬಂತು. ಹೀಗೆ ಸ್ಥಿರ ಸಂಖ್ಯೆಯೊಂದನ್ನು ಕಳೆದು ಎರಡು ತಂಡಗಳನ್ನು ಹೊಂದಿಸುವುದು ಅಂಕ ಸಮೀಕರಣದ ವಿಧಾನಗಳಲ್ಲಿ ಅತ್ಯಂತ ಸರಳವಾದದ್ದು. ಪರಿಪೂರ್ಣ ಅಲ್ಲ: 98 ತೆಗೆದವನಿಗೂ 60 ತೆಗೆದವನಿಗೂ ಒಂದೇ ಕಡಿತ. ಆದರೂ ಅವತ್ತಿನ ಸ್ಥಿತಿಯಲ್ಲಿ ಎರಡೂ ಕಡೆಯವರಿಗೆ ವಿವರಿಸಿ ಹೇಳಬಹುದಾದ ಲೆಕ್ಕ ಅದೊಂದೇ. ಅದನ್ನು ಜುಲೈನಲ್ಲೇ, ಫಲಿತಾಂಶಕ್ಕೆ ಮೊದಲೇ ಮಾಡಿದ್ದರೆ ಎರಡು ತಿಂಗಳ ಕಣ್ಣೀರು ತಪ್ಪುತ್ತಿತ್ತು.

ಹಾಗಾದರೆ ಗಡಿಯನ್ನು ಸರಿಯಾಗಿ ಹಾಕುವ ವಿಧಾನವೇ ಇಲ್ಲವೇ? ಇದೆ. ಅಮೆರಿಕದ ವಿಲಿಯಂ ಆಂಗಾಫ್ 1971ರಲ್ಲಿ ವಿವರಿಸಿದ ಒಂದು ವಿಧಾನವನ್ನು ವೈದ್ಯಕೀಯದಂಥ ವೃತ್ತಿ ಪರೀಕ್ಷೆಗಳಲ್ಲಿ ಇವತ್ತೂ ಬಳಸುತ್ತಾರೆ. ವಿಷಯ ಬಲ್ಲ ಹತ್ತಾರು ಶಿಕ್ಷಕರು ಒಟ್ಟಿಗೆ ಕೂರುತ್ತಾರೆ. ಹೊಸ್ತಿಲ ಮೇಲೆ ನಿಂತ ವಿದ್ಯಾರ್ಥಿಯೊಬ್ಬನನ್ನು, ಅಂದರೆ ಪಾಸಾಗಲು ಬೇಕಾದಷ್ಟೇ ಬಲ್ಲವನನ್ನು, ಮನಸ್ಸಿಗೆ ತಂದುಕೊಳ್ಳುತ್ತಾರೆ. ಪ್ರಶ್ನೆಪತ್ರಿಕೆಯ ಒಂದೊಂದು ಪ್ರಶ್ನೆಗೂ, ಅಂಥ ನೂರು ಮಂದಿ ಉತ್ತರಿಸಿದರೆ ಎಷ್ಟು ಮಂದಿ ಸರಿ ಬರೆಯುತ್ತಾರೆ ಎಂದು ಬರೆದುಕೊಳ್ಳುತ್ತಾರೆ. ಭಿನ್ನಾಭಿಪ್ರಾಯ ಬಂದಲ್ಲಿ ಚರ್ಚಿಸುತ್ತಾರೆ. ಎಲ್ಲರ ಸರಾಸರಿ ತೆಗೆದು ಕೂಡಿದರೆ ಆ ಪತ್ರಿಕೆಯ ಗಡಿ ಸಿಗುತ್ತದೆ. ಕಠಿಣ ಪತ್ರಿಕೆಗೆ ತಾನಾಗಿ ಕಡಿಮೆ ಗಡಿ, ಸುಲಭದ್ದಕ್ಕೆ ಹೆಚ್ಚು. ಇಲ್ಲೂ ಮನುಷ್ಯರ ತೀರ್ಮಾನವೇ. ಆದರೆ ಏನು ಬಂದರೆ ಸಾಕು ಎಂಬ ಪ್ರಶ್ನೆಯನ್ನು ಕೇಳಿಕೊಂಡು ಮಾಡಿದ ತೀರ್ಮಾನ.

ನಮ್ಮ ಶಾಲಾ ಗಡಿಗಳು ಹೀಗೆ ಬಂದವಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಎಸ್ಸೆಸ್ಸೆಲ್ಸಿಯ ಉತ್ತೀರ್ಣದ ಗಡಿಯನ್ನು ಶೇ 35ರಿಂದ ಶೇ 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30, ಒಟ್ಟು 625ಕ್ಕೆ 206. ಶೇ 35 ಎಂದರೆ 218.75, ಹಳೆಯ ಗಡಿ 219, ಮೇಲಕ್ಕೆ ಪೂರ್ಣಾಂಕ ಮಾಡಿದ್ದು. ಶೇ 33 ಎಂದರೆ 206.25; ಹೊಸ ಗಡಿ 206, ಕೆಳಕ್ಕೆ ಪೂರ್ಣಾಂಕ ಮಾಡಿದ್ದು. ಕಾಲು ಅಂಕ ಅತ್ತ ಸರಿಯಿತು, ಕಾಲು ಅಂಕ ಇತ್ತ ಸರಿಯಿತು. ಎರಡಕ್ಕೂ ಕಾರಣ ಇರಬಹುದು. ಆ ಕಾರಣವನ್ನು ಮಕ್ಕಳಿಗೆ ಹೇಳಬೇಕು.

ನಿಮ್ಮ ಮನೆಯಲ್ಲಿ ಈ ವರ್ಷ ಕಾಲೇಜು ಸೇರಿದವರಿದ್ದರೆ ಒಂದು ಕೆಲಸ ಮಾಡಿಸಿ. ಫಲಿತಾಂಶ ಬರುವವರೆಗೆ ಕಾಯಬೇಡಿ. ಸೆಮಿಸ್ಟರಿನ ಮೊದಲ ವಾರವೇ ಆ ವಿಷಯದ ಮೇಷ್ಟ್ರ ಹತ್ತಿರ ಹೋಗಿ ಕೇಳಲಿ: ಸಾರ್, ಇಂಟರ್ನಲ್ಸ್‌ಗೆ ಯಾವುದಕ್ಕೆ ಎಷ್ಟು, ಗಡಿ ಮೊದಲೇ ಹಾಕಿದ್ದೀರೋ ತರಗತಿ ನೋಡಿ ಹಾಕುತ್ತೀರೋ, ಅರ್ಧ ಅಂಕ ಬಂದರೆ ಎತ್ತ ಸರಿಸುತ್ತೀರಿ. ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.